ಮುಟ್ಟಿನ ಮುಂಚಿನ ಸ್ತನ ನೋವಿಗೆ ವಿಟಮಿನ್ ಮಾತ್ರೆ: ಎಷ್ಟು, ಎಷ್ಟು ದಿನ, ಯಾವಾಗ ಬಿಡಬೇಕು?

ಮಾನ್ಯ ಸಂಪಾದಕರೇ,

ಮುಟ್ಟಿಗೆ ವಾರ, ಹತ್ತು ದಿನ ಇರುವಾಗ ಸ್ತನಗಳು ಬಿಗಿದು, ಭಾರವಾಗಿ, ಕೈ ತಾಗಿದರೂ ನೋಯುವುದು ಬಹಳಷ್ಟು ಹೆಣ್ಣುಮಕ್ಕಳಿಗೆ ಗೊತ್ತಿರುವ ಸಂಗತಿ. ಪತ್ರಿಕೆಗಳ ಆರೋಗ್ಯ ಅಂಕಣಕ್ಕೆ ಈ ಪ್ರಶ್ನೆ ಬಂದಾಗಲೆಲ್ಲ ಉತ್ತರ ಹೆಚ್ಚೂಕಡಿಮೆ ಒಂದೇ: ‘ವಿಟಮಿನ್ ಇ ತೆಗೆದುಕೊಳ್ಳಿ, ಜೊತೆಗೆ ಬಿ6 ಇದ್ದರೆ ಒಳ್ಳೆಯದು’. ಮೆಡಿಕಲ್ ಶಾಪಿನಲ್ಲೂ ಇದೇ ಮಾತು, ವಾಟ್ಸಾಪ್ ಗುಂಪುಗಳಲ್ಲೂ ಇದೇ ಮಾತು. ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳು, ಗುಣ ಕಾಣದಿದ್ದರೆ ಯಾವಾಗ ಬಿಡಬೇಕು, ಯಾರು ಅದನ್ನು ನುಂಗಲೇಬಾರದು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಸ್ತ್ರೀರೋಗ ಚಿಕಿತ್ಸೆ ಮತ್ತು ಔಷಧ ವಿತರಣೆಯಲ್ಲಿರುವ ನಾವು ಆ ಬಿಟ್ಟುಹೋದ ಭಾಗವನ್ನು ತುಂಬಲು ಈ ಪತ್ರ ಬರೆಯುತ್ತಿದ್ದೇವೆ. ತುಸು ಉದ್ದವಾಗಿದೆ, ಕತ್ತರಿಸಲೇಬೇಕಾದರೆ ಪ್ರಮಾಣಗಳನ್ನು ಬಿಟ್ಟು ಬೇರೆ ಏನನ್ನಾದರೂ ಕತ್ತರಿಸಿ.

ಮೊದಲು ನೋವಿನ ಗುರುತು. ಮುಟ್ಟಿನೊಂದಿಗೆ ಬರುವ ಸ್ತನ ನೋವು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಒಂದು ಕಡೆ ತುಸು ಜಾಸ್ತಿ ಅನ್ನಿಸಬಹುದು. ಮೇಲ್ಭಾಗದಲ್ಲಿ, ಕಂಕುಳ ಕಡೆಗೆ ಹೆಚ್ಚು. ಕೆಲವರಿಗೆ ತೋಳಿನ ಒಳಬದಿಗೂ ಎಳೆಯುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಶುರುವಾಗಿ, ಮುಟ್ಟಿನ ಹಿಂದಿನ ಎರಡು ಮೂರು ದಿನ ಏರಿ, ಸ್ರಾವ ಶುರುವಾದ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆ ಎರಡು ವಾರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಹಾಲಿನ ನಾಳಗಳನ್ನೂ ಗ್ರಂಥಿಗಳನ್ನೂ ಹಿಗ್ಗಿಸುತ್ತವೆ, ಅಂಗಾಂಶದಲ್ಲಿ ನೀರು ನಿಲ್ಲುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಕೈವಾಡವೂ ಇದೆ. ರಕ್ತಪರೀಕ್ಷೆ ಮಾಡಿಸಿದರೆ ಇವೆಲ್ಲ ಬಹುತೇಕ ಸರಿಯಾಗಿಯೇ ಕಾಣುತ್ತವೆ. ತೊಂದರೆ ಇರುವುದು ಹಾರ್ಮೋನಿನ ಮಟ್ಟದಲ್ಲಲ್ಲ, ಅದಕ್ಕೆ ಸ್ತನದ ಅಂಗಾಂಶ ತೋರುವ ಪ್ರತಿಕ್ರಿಯೆಯಲ್ಲಿ. ಆದ್ದರಿಂದ ‘ಫುಲ್ ಹಾರ್ಮೋನ್ ಪ್ರೊಫೈಲ್’ ಎಂದು ಸಾವಿರಾರು ರೂಪಾಯಿ ಸುರಿಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಈ ಏರಿಳಿತದಲ್ಲೇ ವಿಟಮಿನ್ ಮಾತ್ರೆಗಳ ಖ್ಯಾತಿಯ ಗುಟ್ಟೂ ಇದೆ. ನೋವು ತೀರಾ ಜಾಸ್ತಿಯಾದ ದಿನ ಅಂಗಡಿಗೆ ಹೋಗಿ ಮಾತ್ರೆ ತರುತ್ತಾರೆ. ಅಷ್ಟು ಹೊತ್ತಿಗೆ ಮುಟ್ಟಿಗೆ ಎರಡೋ ಮೂರೋ ದಿನ ಉಳಿದಿರುತ್ತದೆ. ಮಾತ್ರೆ ಶುರು ಮಾಡಿದ ಮೂರನೇ ದಿನ ಮುಟ್ಟಾಗುತ್ತದೆ, ನೋವು ಇಳಿಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮಾತ್ರೆಗೆ ಹೆಸರು ಬಂತು, ಅಕ್ಕಪಕ್ಕದ ನಾಲ್ವರಿಗೆ ಶಿಫಾರಸೂ ಆಯಿತು. ಇದರ ಜೊತೆಗೆ, ಈ ನೋವು ತಿಂಗಳಿಂದ ತಿಂಗಳಿಗೆ ತಾನಾಗಿ ಏರಿಳಿಯುತ್ತದೆ, ಕೆಲವರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಮಾಯವಾಗುತ್ತದೆ. ಪ್ರಯೋಗಗಳಲ್ಲಿ ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಗಣನೀಯ ಪಾಲು ಜನ ಗುಣ ಕಂಡಿದ್ದಾರೆ. ಹಾಗಾಗಿ ‘ನನಗೆ ಕೆಲಸ ಮಾಡಿತು’ ಎಂಬ ಮಾತು ಸುಳ್ಳಲ್ಲದಿದ್ದರೂ ಪುರಾವೆಯಲ್ಲ.

ಇದಕ್ಕೆ ಇರುವ ಮದ್ದು ಒಂದು ಹಾಳೆ ಮತ್ತು ಪೆನ್ಸಿಲ್. ಬ್ರಿಟನ್ನಿನ ಕಾರ್ಡಿಫ್‌ನ ಸ್ತನ ನೋವಿನ ಕ್ಲಿನಿಕ್ಕಿನಲ್ಲಿ ರೂಪುಗೊಂಡ ನೋವಿನ ಪಟ್ಟಿಯನ್ನು ಇಂದಿಗೂ ಜಗತ್ತಿನ ಅನೇಕ ಕಡೆ ಬಳಸುತ್ತಾರೆ. ಅದನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಮಾಡಿಕೊಳ್ಳಬಹುದು. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕ ನೋಡಿ. ನೋವು ಜೋರಾಗಿದ್ದರೆ ಚೌಕವನ್ನು ಪೂರ್ತಿ ಕಪ್ಪು ಮಾಡಿ, ಸ್ವಲ್ಪವಿದ್ದರೆ ಅರ್ಧ, ಇಲ್ಲದಿದ್ದರೆ ಖಾಲಿ ಬಿಡಿ. ಮುಟ್ಟಿನ ದಿನಗಳಿಗೆ ‘ಮು’ ಎಂದು ಬರೆಯಿರಿ. ನೋವಿನ ಮಾತ್ರೆ ನುಂಗಿದ ದಿನ ಮೂಲೆಯಲ್ಲೊಂದು ಚುಕ್ಕೆ. ಇಷ್ಟೇ. ಎರಡು ತಿಂಗಳು ಹೀಗೆ ಬರೆದರೆ ಕಪ್ಪು ಚೌಕಗಳು ‘ಮು’ ಅಕ್ಷರದ ಹಿಂದೆ ಸಾಲಾಗಿ ನಿಂತಿವೆಯೋ, ತಿಂಗಳ ತುಂಬ ಚೆಲ್ಲಾಪಿಲ್ಲಿಯಾಗಿವೆಯೋ ಕಣ್ಣಿಗೇ ಕಾಣುತ್ತದೆ. ಚೆಲ್ಲಾಪಿಲ್ಲಿಯಾಗಿದ್ದರೆ ಅದು ಮುಟ್ಟಿನ ನೋವಲ್ಲ. ಪಕ್ಕೆಲುಬಿನ ಕೀಲು, ಎದೆಯ ಸ್ನಾಯು, ಕುತ್ತಿಗೆಯ ನರ, ಕೆಲವೊಮ್ಮೆ ಪಿತ್ತಕೋಶ ಅಥವಾ ಹೃದಯವೂ ಕಾರಣವಿರಬಹುದು. ಅಲ್ಲಿ ವಿಟಮಿನ್ ನುಂಗಿ ಪ್ರಯೋಜನವಿಲ್ಲ, ವೈದ್ಯರು ನೋಡಬೇಕು. ಸಾಲಾಗಿದ್ದು, ತಿಂಗಳಿಗೆ ಏಳು ದಿನಕ್ಕಿಂತ ಹೆಚ್ಚು ನೋವಿದ್ದು, ನಿದ್ದೆಗೋ ಕೆಲಸಕ್ಕೋ ಅಡ್ಡಿಯಾಗುತ್ತಿದ್ದರೆ ಚಿಕಿತ್ಸೆಯ ಮಾತು. ಮಾತ್ರೆ ಶುರು ಮಾಡುವ ಮುಂಚಿನ ಈ ಎರಡು ತಿಂಗಳ ಲೆಕ್ಕ ಇಲ್ಲದಿದ್ದರೆ ಆಮೇಲೆ ಗುಣವಾಯಿತೋ ಇಲ್ಲವೋ ಹೇಳಲು ಅಳತೆಗೋಲೇ ಇರುವುದಿಲ್ಲ.

ಈಗ ವಿಟಮಿನ್ ಇ. ಅದು ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳನ್ನು ಕಾಯುತ್ತದೆ, ಆ ಕೊಬ್ಬಿನಾಮ್ಲಗಳ ಏರುಪೇರಿನಿಂದ ಸ್ತನದ ಅಂಗಾಂಶ ಹಾರ್ಮೋನಿಗೆ ಅತಿಯಾಗಿ ಸ್ಪಂದಿಸುತ್ತದೆ ಎಂಬುದು ಅದರ ಬಳಕೆಯ ಹಿಂದಿನ ತರ್ಕ. ತರ್ಕ ಚೆನ್ನಾಗಿದೆ, ಫಲಿತಾಂಶ ಅಷ್ಟು ಚೆನ್ನಾಗಿಲ್ಲ. ಅಮೆರಿಕದಲ್ಲಿ 1985ರಲ್ಲಿ ಪ್ರಕಟವಾದ 128 ಮಹಿಳೆಯರ ಪ್ರಯೋಗದಲ್ಲಿ ದಿನಕ್ಕೆ 150, 300, 600 ಯೂನಿಟ್ (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ, ಲೇಬಲ್ಲಿನಲ್ಲಿ ‘ಐಯು’) ಕೊಟ್ಟು ನೋಡಿದರು. ಹುಸಿಮಾತ್ರೆಗಿಂತ ಮೇಲು ಎನಿಸಲಿಲ್ಲ. 2010ರಲ್ಲಿ ಮೇಯೋ ಕ್ಲಿನಿಕ್ ಪ್ರಕಟಿಸಿದ ಆರು ತಿಂಗಳ ಪ್ರಯೋಗದಲ್ಲಿ ದಿನಕ್ಕೆ 1200 ಯೂನಿಟ್ ವಿಟಮಿನ್ ಇ, 3 ಗ್ರಾಂ ಪ್ರೈಮ್‌ರೋಸ್ ಎಣ್ಣೆ (ಒಂದು ಹೂಗಿಡದ ಬೀಜದ ಎಣ್ಣೆ), ಎರಡೂ ಸೇರಿಸಿ, ಹುಸಿಮಾತ್ರೆ ಎಂದು ನಾಲ್ಕು ಗುಂಪು ಮಾಡಿದ್ದರು. ತೀವ್ರ ನೋವು ತುಸು ತಗ್ಗುವ ಒಲವು ಕಂಡರೂ, ಸೇರಿದ 85 ಜನರಲ್ಲಿ ಕೊನೆಯವರೆಗೂ ಉಳಿದವರು 41 ಮಾತ್ರ. ಅಷ್ಟರ ಮೇಲೆ ಗಟ್ಟಿ ತೀರ್ಮಾನ ಕಟ್ಟಲಾಗದು. ಇನ್ನೊಂದು ಬದಿಯಲ್ಲಿ, ಇರಾನಿನ ಕೆಲವು ಪ್ರಯೋಗಗಳಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಿಗೆ ನೋವು ಕಡಿಮೆಯಾಗಿದೆ. ಕೂಡಿಸಿ ಕಳೆದು ನೋಡಿದರೆ, ವಿಟಮಿನ್ ಇ ಕೆಲವರಿಗೆ ಸ್ವಲ್ಪ ನೆರವಾಗಬಹುದು ಎನ್ನುವುದಕ್ಕಿಂತ ಹೆಚ್ಚು ಹೇಳುವುದು ಪ್ರಾಮಾಣಿಕವಲ್ಲ.

ಆದರೂ ಪ್ರಯತ್ನಿಸುವೆನೆಂದರೆ ಕ್ರಮವಾಗಿ ಪ್ರಯತ್ನಿಸಲಿ. ದಿನಕ್ಕೆ 400 ಯೂನಿಟ್‌ಗಿಂತ ಹೆಚ್ಚು ಬೇಡ. ಒಂದೇ ಸಲ 400 ಅಥವಾ ಬೆಳಿಗ್ಗೆ ರಾತ್ರಿ 200ರಂತೆ, ತಿಂಗಳ ಎಲ್ಲ ದಿನವೂ. ನೋವು ಬಂದ ದಿನ ನುಂಗಿ ಹೋದ ದಿನ ಬಿಡುವ ಔಷಧ ಇದಲ್ಲ, ಅದು ಡೋಲೋ ಮಾತ್ರೆಯ ಲೆಕ್ಕ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಖಾಲಿ ಹೊಟ್ಟೆಗೆ ಕಾಫಿಯ ಜೊತೆ ನುಂಗಿದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎಣ್ಣೆಯ ಒಗ್ಗರಣೆಯೋ ತುಪ್ಪವೋ ಇರುವ ಊಟದ ನಡುವೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಬೇಕು. ಮೂರು ಮುಟ್ಟು ಕಳೆಯುವವರೆಗೆ ನೋಡಿ, ಕ್ಯಾಲೆಂಡರಿನ ಕಪ್ಪು ಚೌಕಗಳನ್ನು ಎಣಿಸಿ. ಅರ್ಧಕ್ಕಾದರೂ ಇಳಿಯದಿದ್ದರೆ ನಿಲ್ಲಿಸಿ. ಇಳಿದಿದ್ದರೂ ಆರು ತಿಂಗಳಿಗೆ ಒಮ್ಮೆ ಬಿಟ್ಟು ನೋಡಬೇಕು, ನೋವು ತಾನಾಗಿಯೇ ಹೋಗಿರಬಹುದು. ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಎಷ್ಟೋ ಜನಕ್ಕೆ ನಿಲ್ಲಿಸಿ ನೋಡಿ ಎಂದು ಯಾರೂ ಹೇಳಿರುವುದೇ ಇಲ್ಲ.

ಸ್ಟ್ರಿಪ್ಪಿನ ಹಿಂಬದಿ ಓದುವುದೂ ಒಂದು ಕೆಲಸ. ನಮ್ಮಲ್ಲಿ ಮಾರುವ ಹಸಿರು ಕ್ಯಾಪ್ಸೂಲುಗಳಲ್ಲಿ ‘ಟೋಕೋಫೆರಿಲ್ ಅಸಿಟೇಟ್ 400 ಮಿ.ಗ್ರಾಂ’ ಎಂದಿರುತ್ತದೆ, ಅದು ವಿಟಮಿನ್ ಇಯದೇ ಹೆಸರು. ಸಂಶ್ಲೇಷಿತ ರೂಪದ ಈ ಒಂದು ಮಿಲಿಗ್ರಾಂ ಎಂದರೆ ಒಂದು ಯೂನಿಟ್, ಅಂದರೆ ಅದು 400 ಯೂನಿಟ್. ಹೊರದೇಶದಿಂದ ತರಿಸುವ ಬಾಟಲಿಗಳಲ್ಲಿ ‘ಡಿ-ಆಲ್ಫಾ ಟೋಕೋಫೆರಾಲ್’ ಎಂಬ ಸಹಜ ರೂಪವಿದ್ದರೆ 400 ಯೂನಿಟ್ ಎಂಬುದು 268 ಮಿಲಿಗ್ರಾಮಿಗೆ ಸಮ. ಮಿಲಿಗ್ರಾಂ ಮತ್ತು ಯೂನಿಟ್ ಎರಡನ್ನೂ ಒಂದೇ ಎಂದು ತಿಳಿದು ಬಾಟಲಿ ಬದಲಿಸಿದರೆ ಪ್ರಮಾಣ ಏರುಪೇರಾಗುತ್ತದೆ. ಕೂದಲಿಗೆಂದು, ಚರ್ಮದ ಹೊಳಪಿಗೆಂದು ತಿನ್ನುವ ಗಮ್ಮಿ ಮತ್ತು ಮಲ್ಟಿವಿಟಮಿನ್‌ಗಳಲ್ಲೂ ಇದೇ ವಿಟಮಿನ್ ಇ ಸೇರಿರುತ್ತದೆ, ಅದನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಅಮೆರಿಕದ ಪೋಷಣಾ ಮಾನದಂಡದಲ್ಲಿ ದೊಡ್ಡವರ ದಿನದ ಅಗತ್ಯ 15 ಮಿಲಿಗ್ರಾಂ ಮಾತ್ರ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಹಸಿರು ಕ್ಯಾಪ್ಸೂಲಿನ 400 ಮಿಲಿಗ್ರಾಂ ಅದನ್ನೂ ದಾಟುತ್ತದೆ, ನಾವು ಮೂರು ತಿಂಗಳ ಗಡಿ ಹಾಕಿದ್ದು ಸುಮ್ಮನೆ ಅಲ್ಲ.

ವಿಟಮಿನ್ ಇ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು, ದಿನವೂ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ನುಂಗುವವರು, ರಕ್ತಸ್ರಾವದ ಕಾಯಿಲೆ ಇರುವವರು ಇದನ್ನು ಮುಟ್ಟಲೇಬಾರದು. ಮುಟ್ಟಿನಲ್ಲಿ ವಿಪರೀತ ಸ್ರಾವ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಆಪರೇಷನ್ ಇದ್ದರೆ, ಹಲ್ಲು ಕೀಳಿಸುವುದಿದ್ದರೂ ಸರಿ, ಮುಂಚೆಯೇ ಹೇಳಿ ನಿಲ್ಲಿಸಬೇಕು. ‘ವಿಟಮಿನ್ ತಾನೇ’ ಎಂದು ಆಸ್ಪತ್ರೆಯಲ್ಲಿ ಔಷಧಗಳ ಪಟ್ಟಿ ಕೇಳಿದಾಗ ಇದನ್ನು ಹೇಳದೆ ಬಿಡುವವರೇ ಜಾಸ್ತಿ.

ನಮಗೆ ಹೆಚ್ಚು ಆತಂಕ ಇರುವುದು ಬಿ6 ಬಗ್ಗೆ. ಅದು ನೀರಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಏನೂ ಆಗುವುದಿಲ್ಲ ಎಂಬ ನಂಬಿಕೆ ಕೆಲವು ವೈದ್ಯರಲ್ಲೂ ಇದೆ. ತಪ್ಪು. 1983ರಲ್ಲೇ ಅಮೆರಿಕದ ವೈದ್ಯಪತ್ರಿಕೆಯೊಂದು ದಿನಕ್ಕೆ 2ರಿಂದ 6 ಗ್ರಾಂ ಬಿ6 ನುಂಗಿ ನರ ಹಾಳು ಮಾಡಿಕೊಂಡ ಏಳು ಜನರ ವಿವರ ಪ್ರಕಟಿಸಿತ್ತು. ಆ ಪ್ರಮಾಣ ಯಾರೂ ನುಂಗುವುದಿಲ್ಲ ಎನ್ನಬಹುದು. ಆದರೆ ಆಮೇಲಿನ ವರ್ಷಗಳಲ್ಲಿ ತೀರಾ ಕಡಿಮೆ ಪ್ರಮಾಣವನ್ನು ದೀರ್ಘಕಾಲ ತೆಗೆದುಕೊಂಡವರಲ್ಲೂ ತೊಂದರೆ ವರದಿಯಾಗುತ್ತಾ ಬಂದು, ಗಡಿ ಇಳಿಯುತ್ತಾ ಹೋಯಿತು. ಅಮೆರಿಕದ ಗಡಿ ದಿನಕ್ಕೆ 100 ಮಿಲಿಗ್ರಾಂ. ಬ್ರಿಟನ್ನಿನಲ್ಲಿ ವೈದ್ಯರ ಸಲಹೆ ಇಲ್ಲದೆ 10 ಮಿಲಿಗ್ರಾಂ ಮೀರಬೇಡಿ ಎನ್ನುತ್ತಾರೆ. ಯುರೋಪಿನ ಸಂಸ್ಥೆ 2023ರಲ್ಲಿ ತನ್ನ ಗಡಿಯನ್ನು 25ರಿಂದ 12 ಮಿಲಿಗ್ರಾಮಿಗೆ ಇಳಿಸಿತು. ದಿನದ ಅಗತ್ಯವಾದರೋ 2 ಮಿಲಿಗ್ರಾಂ ಆಸುಪಾಸು. ಬಾಳೆಹಣ್ಣು, ಕಡಲೆ, ಆಲೂಗಡ್ಡೆ, ಮೀನು, ಕೋಳಿ ತಿನ್ನುವವರಿಗೆ ಅದು ಊಟದಲ್ಲೇ ಸಿಗುತ್ತದೆ.

ತೊಂದರೆ ಶುರುವಾಗುವ ಬಗೆಯನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದು ತಪ್ಪು ದಾರಿ ಹಿಡಿಯುವುದು ಇಲ್ಲೇ. ಮೊದಲು ಅಂಗಾಲು, ಬೆರಳ ತುದಿ ಜುಮ್ಮೆನ್ನುತ್ತವೆ, ಉರಿಯುತ್ತವೆ. ಆಮೇಲೆ ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ಕತ್ತಲಲ್ಲಿ ನಡೆದರೆ, ಕಣ್ಣು ಮುಚ್ಚಿ ಮುಖ ತೊಳೆಯಲು ಬಗ್ಗಿದರೆ ತೂರಾಡಿದಂತಾಗುತ್ತದೆ. ಆಗ ‘ನರದ ವೀಕ್‌ನೆಸ್’ ಎಂದು ಅಂಗಡಿಯಲ್ಲಿ ಕೊಡುವ ಮಾತ್ರೆ ಯಾವುದು? ಮಿಥೈಲ್‌ಕೊಬಾಲಮಿನ್, ಅಂದರೆ ಬಿ12, ಜೊತೆಗೆ ಪೈರಿಡಾಕ್ಸಿನ್ ಸೇರಿದ ಮಾತ್ರೆ. ಪೈರಿಡಾಕ್ಸಿನ್ ಎಂದರೆ ಬಿ6ನದೇ ಇನ್ನೊಂದು ಹೆಸರು. ಯಾವುದರಿಂದ ನರ ಕೆಟ್ಟಿತೋ ಅದನ್ನೇ ಮದ್ದೆಂದು ಇನ್ನಷ್ಟು ಸುರಿದಂತಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ, ಆದರೆ ತಿಂಗಳುಗಳೇ ಹಿಡಿಯುತ್ತವೆ. ನಿಲ್ಲಿಸಿದ ಮೊದಲ ಕೆಲವು ವಾರ ಜುಮ್ಮು ಇನ್ನೂ ಹೆಚ್ಚಾಗುವುದೂ ಉಂಟು. ಆಗ ಗಾಬರಿಯಿಂದ ಮತ್ತೆ ಶುರು ಮಾಡಬಾರದು.

ಇಷ್ಟೆಲ್ಲ ಅಪಾಯಕ್ಕೆ ತಕ್ಕ ಲಾಭವಾದರೂ ಇದೆಯೇ ಎಂದರೆ, 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆಯೊಂದು ಒಂಬತ್ತು ಪ್ರಯೋಗಗಳ 940 ಮಹಿಳೆಯರ ಮಾಹಿತಿ ಜೋಡಿಸಿ, ದಿನಕ್ಕೆ 100 ಮಿಲಿಗ್ರಾಂ ವರೆಗಿನ ಬಿ6 ಮುಟ್ಟಿನ ಮುಂಚಿನ ಒಟ್ಟಾರೆ ಕಿರಿಕಿರಿಗಳಿಗೆ, ಅದರಲ್ಲೂ ಮನಸ್ಸು ಕುಗ್ಗುವುದಕ್ಕೆ ನೆರವಾಗಬಹುದು ಎಂದಿತು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಕಳಪೆ ಗುಣಮಟ್ಟದವು ಎಂದೂ ಅದೇ ವಿಮರ್ಶೆ ಬರೆದಿದೆ. ಬರೀ ಸ್ತನ ನೋವಿಗಾಗಿ ಬಿ6 ನುಂಗಲು ನಮ್ಮ ಪ್ರಕಾರ ಕಾರಣವಿಲ್ಲ. ಮನಸ್ಸಿನ ಏರುಪೇರು ಜೊತೆಗಿದ್ದು ವೈದ್ಯರು ಬರೆದುಕೊಟ್ಟರೆ ದಿನಕ್ಕೆ 50 ಮಿಲಿಗ್ರಾಂ ಒಳಗೆ, ಮೂರು ತಿಂಗಳ ಒಳಗೆ ಇರಲಿ. ಜುಮ್ಮೆಂದ ದಿನವೇ ನಿಲ್ಲಲಿ. ಸಾಮಾನ್ಯ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿರುವ 3 ಮಿಲಿಗ್ರಾಂ ಬಗ್ಗೆ ಯಾರೂ ಹೆದರಬೇಕಿಲ್ಲ. ಕ್ಷಯರೋಗದ ಐಸೋನಿಯಜಿಡ್ ಜೊತೆ ಬಿ6 ಕೊಟ್ಟಿದ್ದರೆ ಅದರ ಕಾರಣವೇ ಬೇರೆ, ಈ ಪತ್ರ ಓದಿ ಅದನ್ನು ಬಿಡಬಾರದು.

ಪ್ರೈಮ್‌ರೋಸ್ ಎಣ್ಣೆ ವಿಟಮಿನ್ ಅಲ್ಲದಿದ್ದರೂ ಅದೇ ಕಪಾಟಿನಲ್ಲಿರುತ್ತದೆ, ಬೆಲೆಯೂ ಜಾಸ್ತಿ. ಬ್ರಿಟನ್ನಿನಲ್ಲಿ ಇದರ ಸಾರವನ್ನು ಸ್ತನ ನೋವಿನ ಔಷಧವೆಂದೇ ‘ಎಫಾಮಾಸ್ಟ್’ ಹೆಸರಿನಲ್ಲಿ ವೈದ್ಯರು ಬರೆದುಕೊಡುತ್ತಿದ್ದರು. ಪರಿಣಾಮಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಅಲ್ಲಿನ ನಿಯಂತ್ರಣ ಸಂಸ್ಥೆ 2002ರಲ್ಲಿ ಪರವಾನಗಿ ಹಿಂದಕ್ಕೆ ಪಡೆಯಿತು. ಅದೇ ವರ್ಷ ಪ್ರಕಟವಾದ ನೆದರ್ಲೆಂಡ್ಸ್‌ನ 120 ಮಹಿಳೆಯರ ಪ್ರಯೋಗದಲ್ಲಿ ಪ್ರೈಮ್‌ರೋಸ್ ಎಣ್ಣೆ, ಮೀನೆಣ್ಣೆ ಎರಡೂ ಮುಸುಕಿನ ಜೋಳದ ಎಣ್ಣೆಗಿಂತ ಮೇಲಾಗಲಿಲ್ಲ. ಅಷ್ಟಾದ ಮೇಲೂ ನಮ್ಮ ಅಂಗಡಿಗಳಲ್ಲಿ ಅದು ಕಮ್ಮಿಯಾಗಿಲ್ಲ.

ಕ್ಯಾಲ್ಸಿಯಂ ಮಾತ್ರ ನಾವು ಹೆಚ್ಚು ಹಿಂಜರಿಯದೆ ಹೇಳುವ ಹೆಸರು. ಅಮೆರಿಕದಲ್ಲಿ 466 ಮಹಿಳೆಯರ ಪೈಕಿ ಒಂದು ಗುಂಪಿಗೆ ಮೂರು ಋತುಚಕ್ರ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟ, 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಟ್ಟಿನ ಮುಂಚಿನ ತೊಂದರೆಗಳ ಒಟ್ಟು ಅಂಕ ಶೇ 48ರಷ್ಟು ಇಳಿಯಿತು, ಹುಸಿಮಾತ್ರೆಯಲ್ಲಿ ಶೇ 30. ಹುಸಿಮಾತ್ರೆಯ ಪಾಲು ಎಷ್ಟು ದೊಡ್ಡದೆಂದು ಇಲ್ಲೂ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು ಕ್ಯಾಲ್ಸಿಯಂ ಇದೆ. ಮಧ್ಯಾಹ್ನ ಮುದ್ದೆ, ದಿನಕ್ಕೆರಡು ಲೋಟ ಹಾಲು ಮೊಸರು ಇರುವ ಮನೆಯಲ್ಲಿ ಮಾತ್ರೆ ಬೇಕಾದರೂ 500 ಮಿಲಿಗ್ರಾಮಿನ ಒಂದು ಸಾಕು. ಕಬ್ಬಿಣದ ಮಾತ್ರೆ ಮತ್ತು ಥೈರಾಯ್ಡ್ ಮಾತ್ರೆಯ ಜೊತೆಗೆ ಅದನ್ನು ನುಂಗಬಾರದು, ಅವುಗಳ ಹೀರಿಕೆ ಕೆಡುತ್ತದೆ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಕಿಡ್ನಿ ಕಲ್ಲು ಆಗಿದ್ದವರು ಕೇಳಿಯೇ ತೆಗೆದುಕೊಳ್ಳಲಿ. ಮೆಗ್ನೀಷಿಯಂ 200 ಮಿಲಿಗ್ರಾಂ ಎರಡನೇ ತಿಂಗಳಿನಿಂದ ನೀರು ತುಂಬಿದಂಥ ಬಿಗಿತವನ್ನು ತಗ್ಗಿಸಿದ ಒಂದು ಸಣ್ಣ ಪ್ರಯೋಗವಿದೆ. ಹೆಚ್ಚಾದರೆ ಭೇದಿ.

ವಿಟಮಿನ್ ಡಿ ಕೊರತೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಸ್ತನ ನೋವಿಗೆಂದಲ್ಲ. ಇಲ್ಲಿ ಒಂದು ಎಚ್ಚರಿಕೆ: 60,000 ಯೂನಿಟ್‌ನ ಸ್ಯಾಶೆ ಅಥವಾ ಕ್ಯಾಪ್ಸೂಲ್ ವಾರಕ್ಕೆ ಒಂದು, ಅದೂ ಸಾಮಾನ್ಯವಾಗಿ ಎಂಟು ವಾರ. ಚೀಟಿಯಲ್ಲಿ ಬರೆದದ್ದು ಅರ್ಥವಾಗದೆ ದಿನಕ್ಕೊಂದರಂತೆ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಕು, ಕಿಡ್ನಿ ತೊಂದರೆಯಾಗಿ ಬರುವವರಿದ್ದಾರೆ. ವಿಟಮಿನ್ ಎ ಹೆಚ್ಚಿನ ಪ್ರಮಾಣದಲ್ಲಿ ಗರ್ಭದ ಮಗುವಿಗೆ ಅಂಗವೈಕಲ್ಯ ತರುತ್ತದೆ. ಮಗು ಬೇಕೆನ್ನುವವರು, ಗರ್ಭ ತಡೆಯುವ ವಿಧಾನ ಬಳಸದವರು ದಿನಕ್ಕೆ 10,000 ಯೂನಿಟ್ ಎ ಇರುವ ಯಾವುದನ್ನೂ ಮುಟ್ಟಬಾರದು.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ನೋಡುವುದು. ಗರ್ಭನಿರೋಧಕ ಮಾತ್ರೆ, ಹಾರ್ಮೋನ್ ಚಿಕಿತ್ಸೆ, ಕೆಲವು ಖಿನ್ನತೆಯ ಮಾತ್ರೆ, ಮೈಯ ನೀರಿಳಿಸುವ ಸ್ಪೈರನೊಲ್ಯಾಕ್ಟೋನ್ ಇವೆಲ್ಲ ಸ್ತನ ನೋವು ತರಬಲ್ಲವು. ನಮ್ಮಲ್ಲಿ ಯಾರ ಗಮನಕ್ಕೂ ಬಾರದ ಇನ್ನೊಂದು ಕಾರಣ ಗ್ಯಾಸ್ಟ್ರಿಕ್ ಮಾತ್ರೆ. ಬರೀ ಪ್ಯಾಂಟೊಪ್ರಜೋಲ್ ಅಲ್ಲ, ಅದರ ಜೊತೆ ಡೋಮ್‌ಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಬೆರೆತದ್ದು. ಈ ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಸ್ತನ ಬಿಗಿದು ನೋಯುವುದಿರಲಿ, ಕೆಲವರಲ್ಲಿ ಹಾಲೂ ಬರುತ್ತದೆ, ಮುಟ್ಟು ಏರುಪೇರಾಗುತ್ತದೆ. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನುಂಗುವವರು ಸ್ಟ್ರಿಪ್ಪಿನ ಹೆಸರಿನ ಕೊನೆಯಲ್ಲಿರುವ ‘ಡಿ’, ‘ಎಲ್’ ಅಕ್ಷರಗಳನ್ನು ಗಮನಿಸಿ, ಅದು ನಿಜಕ್ಕೂ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಎರಡನೆಯದು ಬ್ರಾ. ಭಾರ ಹೊರಬೇಕಾದ್ದು ಹೆಗಲಿನ ಪಟ್ಟಿಯಲ್ಲ, ಸ್ತನದ ಕೆಳಗೆ ಸುತ್ತುವ ಪಟ್ಟಿ. ಕೈ ಎತ್ತಿದಾಗ ಆ ಪಟ್ಟಿ ಮೇಲೇರಿದರೆ ಸಡಿಲ, ಸಂಜೆ ಬಿಚ್ಚಿದಾಗ ಹೆಗಲಲ್ಲಿ ಹಳ್ಳ ಬಿದ್ದಿದ್ದರೆ ಕಪ್ ಚಿಕ್ಕದು ಅಥವಾ ಪಟ್ಟಿ ಸಡಿಲ. ಮುಟ್ಟಿನ ಮುಂಚೆ ಅಳತೆ ಹೆಚ್ಚುವುದರಿಂದ ಆ ವಾರಕ್ಕೆಂದೇ ತಂತಿಯಿಲ್ಲದ ಒಂದನ್ನು ಇಟ್ಟುಕೊಳ್ಳಬೇಕು, ರಾತ್ರಿಗೆ ಮೆತ್ತನೆಯದು. 2000ನೇ ಇಸವಿಯಲ್ಲಿ ಪ್ರಕಟವಾದ ಸೌದಿ ಅರೇಬಿಯಾದ ಅಧ್ಯಯನವೊಂದರಲ್ಲಿ ಸ್ಪೋರ್ಟ್ಸ್ ಬ್ರಾ ಧರಿಸಿದವರಲ್ಲಿ ಶೇ 85ರಷ್ಟು ಮಂದಿಗೆ ನೋವು ತಗ್ಗಿತ್ತು, ಡ್ಯಾನಜೋಲ್ ಎಂಬ ಹಾರ್ಮೋನ್ ಮಾತ್ರೆಯಲ್ಲಿ ಶೇ 58. ಬ್ರಾ ಬಗ್ಗೆ ವೈದ್ಯರಿಗೆ ಮಾತಾಡಲು ಮುಜುಗರ, ಅಂಗಡಿಯವರಿಗೆ ಅಳತೆ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಮಾತ್ರೆಯ ಕಡೆ ಕೈ ತೋರಿಸುತ್ತಾರೆ.

ನೋವಿರುವ ಜಾಗಕ್ಕೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಈ ಎಲ್ಲ ವಿಟಮಿನ್‌ಗಳಿಗಿಂತ ಮೇಲು. ದಿನಕ್ಕೆ ಮೂರು ಸಲ, ಮೊಲೆತೊಟ್ಟು ಬಿಟ್ಟು, ನೋವಿನ ವಾರದಲ್ಲಿ ಮಾತ್ರ. ಆದರೆ ನಮ್ಮ ಅಂಗಡಿಯಲ್ಲಿ ‘ಡೈಕ್ಲೋ ಜೆಲ್’ ಎಂದು ಕೇಳಿದರೆ ಕೊಡುವುದು ಬಹುತೇಕ ಬೆನ್ನು, ಮಂಡಿಗೆ ಹಚ್ಚುವ ಟ್ಯೂಬು. ಅದರಲ್ಲಿ ಡೈಕ್ಲೋಫೆನಾಕ್ ಡೈಈಥೈಲಮೀನ್ ಶೇ 1.16 ಜೊತೆಗೆ ಮೀಥೈಲ್ ಸ್ಯಾಲಿಸಿಲೇಟ್ ಶೇ 10, ಮೆಂಥಾಲ್ ಶೇ 5 ಇರುತ್ತವೆ. ಸ್ತನದ ತೆಳು ಚರ್ಮಕ್ಕೆ ಹಚ್ಚಿದರೆ ಉರಿದು ಕೆಂಪಾಗಿ, ‘ಜೆಲ್ ಆಗಿಬರುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಆಗಿಬಾರದ್ದು ಮೆಂಥಾಲ್. ಟ್ಯೂಬಿನ ಮೇಲೆ ಡೈಕ್ಲೋಫೆನಾಕ್ ಒಂದೇ ಇರುವುದನ್ನು ಕೇಳಿ ಪಡೆಯಿರಿ. ಗರ್ಭಿಣಿಯರು, ಎದೆಹಾಲು ಕುಡಿಸುವವರು, ನೋವಿನ ಮಾತ್ರೆಗೆ ಉಬ್ಬಸ ಬರುವವರು ಹಚ್ಚಬಾರದು. ಹಚ್ಚಿದ ಮೇಲೆ ಬಿಸಿನೀರಿನ ಬ್ಯಾಗ್ ಇಡಬಾರದು.

ಅಗಸೆ ಬೀಜದ ಬಗ್ಗೆ ಒಂದು ಮಾತು. ಕೆನಡಾದ ಸ್ತ್ರೀರೋಗ ತಜ್ಞರ ಸಂಘದ 2006ರ ಮಾರ್ಗಸೂಚಿ ವಿಟಮಿನ್ ಇ ಪರಿಗಣಿಸಬಾರದು, ಪ್ರೈಮ್‌ರೋಸ್‌ಗೆ ಸಾಕಷ್ಟು ಪುರಾವೆ ಇಲ್ಲವೆಂದು ಹೇಳಿ, ದಿನಕ್ಕೆ 25 ಗ್ರಾಂ ಅಗಸೆ ಬೀಜವನ್ನು ಮೊದಲ ಹಂತದಲ್ಲಿ ಪರಿಗಣಿಸಬಹುದು ಎಂದಿತ್ತು. ಆ ಪುರಾವೆಯೂ ತೆಳುವೇ. ಆದರೆ ಉತ್ತರ ಕರ್ನಾಟಕದ ಅಡುಗೆಮನೆಗೆ ಇದು ಹೊಸದಲ್ಲ, ಅಗಸಿ ಚಟ್ನಿಪುಡಿ ರೊಟ್ಟಿಯ ಜೊತೆ ಇದ್ದೇ ಇರುತ್ತದೆ. 25 ಗ್ರಾಂ ಎಂದರೆ ಪುಡಿಯಾದರೆ ಮೂರೂವರೆ ಟೇಬಲ್ ಚಮಚ, ಚಟ್ನಿಯ ಲೆಕ್ಕದಲ್ಲಿ ಬಹಳ ಆಯಿತು. ಅಷ್ಟಕ್ಕೂ ಉಪ್ಪು ಹಾಕಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಹುರಿದು ಉಪ್ಪಿಲ್ಲದೆ ಪುಡಿ ಮಾಡಿ ಮಜ್ಜಿಗೆಗೆ ಬೆರೆಸಿಕೊಳ್ಳಬಹುದು. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ. ಕಾಫಿ ಬಿಡಿ ಎಂಬ ಸಲಹೆಯನ್ನೂ ಅದೇ ಮಾರ್ಗಸೂಚಿ ಒಪ್ಪಲಿಲ್ಲ ಎಂದು ಫಿಲ್ಟರ್ ಕಾಫಿ ಪ್ರಿಯರಿಗೆ ತಿಳಿಸಲು ಸಂತೋಷ. ಇನ್ನು ಯುರೋಪಿನಲ್ಲಿ ಈ ನೋವಿಗೆ ಬಳಸುವ ‘ವೈಟೆಕ್ಸ್’ ಗಿಡವೇ ನಮ್ಮ ಹೊಲದ ಬದುವಿನ ಲಕ್ಕಿ ಗಿಡ ಎಂದು ಹಬ್ಬಿಸುತ್ತಿರುವವರು ಗಮನಿಸಲಿ: ಕುಲ ಒಂದೇ, ಜಾತಿ ಬೇರೆ. ಲಕ್ಕಿ ಸೊಪ್ಪಿನ ಕಷಾಯ ಕುಡಿಯಲು ಆ ಪ್ರಯೋಗಗಳು ಆಧಾರವಾಗುವುದಿಲ್ಲ.

ಇಷ್ಟಕ್ಕೂ ಬಗ್ಗದ ನೋವಿಗೆ ವೈದ್ಯರ ಬಳಿ ಔಷಧಗಳಿವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಆರ್ಮೆಲಾಕ್ಸಿಫೀನ್, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಹೆಸರಿನಲ್ಲಿ ಉಚಿತವಾಗಿ ಸಿಗುವ ಗರ್ಭನಿರೋಧಕ ಮಾತ್ರೆಯನ್ನೇ ಭಾರತದಲ್ಲಿ ಸ್ತನ ನೋವಿಗೂ 30 ಮಿಲಿಗ್ರಾಂ ಪ್ರಮಾಣದಲ್ಲಿ, ವಾರಕ್ಕೆರಡು ಬಾರಿ ಅಥವಾ ದಿನ ಬಿಟ್ಟು ದಿನ, ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಮುಟ್ಟು ಮುಂದೆ ಹೋಗುವುದು ಅದರ ಸಾಮಾನ್ಯ ಅಡ್ಡಪರಿಣಾಮ. ಸ್ತನದಲ್ಲಿ ಈಸ್ಟ್ರೋಜನ್ ಕೆಲಸ ತಡೆಯುವ ಟಮಾಕ್ಸಿಫೆನ್ 10 ಮಿಲಿಗ್ರಾಂ, ಡ್ಯಾನಜೋಲ್ ಇನ್ನೂ ಮುಂದಿನ ಮಾತು; ಡ್ಯಾನಜೋಲ್‌ನಿಂದ ಮುಖದ ಮೇಲೆ ಕೂದಲು, ದನಿ ಒಡೆಯುವುದು ಆಗಬಹುದು. ಇವ್ಯಾವುದನ್ನೂ ಚೀಟಿಯಿಲ್ಲದೆ ತರಬಾರದು.

ಯಾವಾಗ ಕಾಯದೆ ಹೋಗಬೇಕು? ನೋವು ಒಂದೇ ಕಡೆ, ಒಂದೇ ಬಿಂದುವಿನಲ್ಲಿ ನಿಂತಿದ್ದರೆ. ಮುಟ್ಟು ಮುಗಿದ ಮೇಲೂ ಗಂಟು ಕರಗದಿದ್ದರೆ. ತೊಟ್ಟಿನಿಂದ ರಕ್ತ ಅಥವಾ ತಾನಾಗಿ ದ್ರವ ಬಂದರೆ. ಚರ್ಮ ಒಳಕ್ಕೆ ಎಳೆದುಕೊಂಡಿದ್ದರೆ, ಕೆಂಪಾಗಿ ಜ್ವರವಿದ್ದರೆ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಹೊಸದಾಗಿ ನೋವು ಶುರುವಾದರೆ. ಎರಡೂ ಕಡೆಯ ತಿಂಗಳ ನೋವು ಮಾತ್ರ ಇದ್ದು ಬೇರೇನೂ ಇಲ್ಲದಾಗ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಪರೀಕ್ಷಿಸಿ ‘ಏನಿಲ್ಲ’ ಎಂದು ಬಿಡಿಸಿ ಹೇಳಿದರೆ ಹೆಚ್ಚಿನವರಿಗೆ ಮತ್ತೆ ಮಾತ್ರೆಯೇ ಬೇಕಾಗುವುದಿಲ್ಲ. ಕೈಯಿಂದ ನೋಡಿಕೊಳ್ಳಲು ಸರಿಯಾದ ಸಮಯ ಮುಟ್ಟು ಶುರುವಾದ ಐದರಿಂದ ಹತ್ತನೇ ದಿನದ ನಡುವೆ. ಮುಟ್ಟಿನ ಮುಂಚೆ ನೋಡಿದರೆ ಎಲ್ಲವೂ ಗಂಟಿನಂತೆಯೇ ಸಿಕ್ಕಿ ಸುಮ್ಮನೆ ಹೆದರಿಕೆ. 30 ದಾಟಿದವರಿಗೆ ಸ್ತನ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮುಟ್ಟು ತಡವಾಗಿ ನೋವು ಮಾತ್ರ ಇಳಿಯದಿದ್ದರೆ ಯಾವ ಮಾತ್ರೆಗೂ ಮುಂಚೆ ಗರ್ಭಪರೀಕ್ಷೆಯ ಕಿಟ್.

ಕೊನೆಯದಾಗಿ ತಮ್ಮಲ್ಲೇ ಒಂದು ಕೋರಿಕೆ. ಮುಟ್ಟಿನ ದೋಷ ಸರಿಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಕಲಂ ನಿಷೇಧಿಸುತ್ತದೆ. ಆಹಾರ ಪರವಾನಗಿಯಲ್ಲಿ ಮಾರುವ ಪೂರಕಗಳ ಲೇಬಲ್ಲಿನಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂದು ಬರೆದಿರಲೇಬೇಕು. ಹೀಗಿರುವಾಗ ‘ತಿಂಗಳ ಎಲ್ಲ ನೋವಿಗೂ ಒಂದೇ ಕ್ಯಾಪ್ಸೂಲ್’ ಎಂಬಂಥ ಜಾಹೀರಾತು ಬಂದರೆ ಪ್ರಕಟಿಸುವ ಮುಂಚೆ ಲೇಬಲ್ಲಿನ ಫೋಟೋ ಕೇಳಿ. ಆರೋಗ್ಯ ಅಂಕಣದಲ್ಲಿ ವಿಟಮಿನ್ ಹೆಸರು ಬಂದರೆ ಪಕ್ಕದಲ್ಲೇ ಮಿಲಿಗ್ರಾಂ, ತಿಂಗಳು, ಯಾರಿಗೆ ಬೇಡ ಎಂಬ ಮೂರು ವಿವರ ಇರುವಂತೆ ಬರೆಸಿ. ಜಾಗ ಸಾಲದಿದ್ದರೆ ವಿಟಮಿನ್ ಹೆಸರನ್ನೇ ಬಿಟ್ಟರೂ ನಡೆಯುತ್ತದೆ.

ಇಂತಿ,
ಸ್ತ್ರೀರೋಗ ತಜ್ಞೆ ಮತ್ತು ಫಾರ್ಮಸಿಸ್ಟ್,
ದಾವಣಗೆರೆ